ಹರಗೋಲು ಹತ್ತಿದ ಗಾಳದ ಮಂದಿ

ನೀರಿನ ಮೇಲೆ ಮಂದಿಯನ್ನು ಕೂರಿಸಿಕೊಂಡು ಹೋಗುವ ಕೆಲಸ ಹಿಡಿದ ಮೇಲೆ, ಏನೂ ಆಗದೆ ಸುಮ್ಮನೆ ಮನೆಗೆ ಬಂದ ಭಾನುವಾರವೇ ನನಗೆ ನೆನಪಿಲ್ಲ. ಆಗುವ ಹೊತ್ತಿಗೆ ನಗು ಬರುವುದಿಲ್ಲ, ಎದೆ ಡವಡವ ಅನ್ನುತ್ತಿರುತ್ತದೆ. ಎಲ್ಲರೂ ದಂಡೆಗೆ ಇಳಿದು, ನಾನು ತಲೆ ಎಣಿಸಿ, ತಂದ ತಲೆಗಳೆಲ್ಲ ಇವೆ ಅಂತ ಗೊತ್ತಾದ ಮೇಲೆ ನಗು ಬರುತ್ತದೆ. ಆಮೇಲೆ ಅದು ನಿಲ್ಲುವುದಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳುವಾಗಲೂ ನಗು, ರಾತ್ರಿ ಊಟಕ್ಕೆ ಕೂತಾಗಲೂ ನಗು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಸಣ್ಣ ಅಂಗಡಿ. ಗಾಳ, ದಾರ, ಬಲೆ, ಬೆಂಡು ಮಾರುತ್ತೇನೆ. ಗಾಳ ಕೊಂಡವರೆಲ್ಲ, "ಇದನ್ನ ಎಲ್ಲಿ ಹಾಕೋಣ್ರಿ?" ಅಂತ ಕೇಳುತ್ತಿದ್ದರು. ಕೇಳಿ ಕೇಳಿ ಸಾಕಾಗಿ, ಹಳೆಯ ಜೀಪೊಂದನ್ನು ಕೊಂಡು ನಾನೇ ಕರೆದುಕೊಂಡು ಹೋಗಲು ಶುರುಮಾಡಿದೆ. ಕೆಲವು ಸಲ ಸಿರುಗುಪ್ಪದ ಹೊಳೆಗೆ, ಕೆಲವು ಸಲ ಕುರುಗೋಡಿನ ಕಲ್ಲುಗುಡ್ಡಗಳ ಬುಡದಲ್ಲಿರುವ ದೊಡ್ಡ ಕೆರೆಗೆ. ಹರಗೋಲು ನಡೆಸುವವನು ಸಿರುಗುಪ್ಪದ ಕಡೆಯ ಅಂಬಿಗ. ಸಂಬಂಧವೇನೂ ಇಲ್ಲ, ಆದರೂ ನಾನು ಅವನನ್ನು ಮಾವ ಅನ್ನುತ್ತೇನೆ. ಬುಟ್ಟಿಯ ಹಾಗೆ ದುಂಡಗಿರುವ ಅವನ ಹರಗೋಲಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಕೆರೆಗೆ ಹೋಗುವ ದಿನ ಅದನ್ನು ಜೀಪಿನ ತಲೆಯ ಮೇಲೆ ಬೋರಲು ಹಾಕಿ ಕಟ್ಟುತ್ತೇವೆ. ದೂರದಿಂದ ನೋಡಿದರೆ ಜೀಪು ಟೋಪಿ ಹಾಕಿಕೊಂಡು ಮದುವೆಗೆ ಹೊರಟ ಹಾಗೆ ಕಾಣುತ್ತದೆ.

ಕಿತ್ತಳೆ ಬಣ್ಣದ ಜಾಕೆಟ್

ಒಬ್ಬರು ಯಜಮಾನರು ಬಹಳ ಹುಷಾರು ಮನುಷ್ಯ. ಫೋನಿನಲ್ಲಿ ಮೀನಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನೀರು ಎಷ್ಟು ಆಳ, ಹರಗೋಲು ಎಷ್ಟು ಹಳೆಯದು, ಅಂಬಿಗನಿಗೆ ಈಜು ಬರುತ್ತದೋ ಇಲ್ಲವೋ, ಇದೇ ವಿಚಾರಣೆ. ಕೊನೆಗೆ, "ಲೈಫ್ ಜಾಕೆಟ್ ಹಿಂದಿನ ದಿನಾನ ಮನಿಗೆ ಕಳಿಸ್ರಿ, ಅಳತಿ ನೋಡ್ತೀವಿ" ಅಂದರು. ಕಳಿಸಿದೆ.

ಬೆಳಿಗ್ಗೆ ಜೀಪು ತೆಗೆದುಕೊಂಡು ಹೋದರೆ ಗೇಟಿನ ಮುಂದೆ ಇಡೀ ಮನೆ ನಿಂತಿದೆ. ಯಜಮಾನರು, ಅವರ ಹೆಂಡತಿ, ಮಕ್ಕಳು, ಎಂಬತ್ತು ದಾಟಿದ ಅವರ ತಾಯಿ. ಎಲ್ಲರೂ ಜಾಕೆಟ್ ತೊಟ್ಟು, ಬೆಲ್ಟು ಬಿಗಿದುಕೊಂಡು ನಿಂತಿದ್ದಾರೆ. ಬಳ್ಳಾರಿಯ ಬೇಸಿಗೆ. ಆಗಲೇ ಬೆವರು ಇಳಿಯುತ್ತಿದೆ.

"ಸರ್, ನೀರು ಇನ್ನೂ ದೂರ ಐತ್ರಿ. ಅಲ್ಲಿ ಹೋಗಿ ಹಾಕ್ಕೋಬಹುದಲ್ರಿ" ಅಂದೆ.

"ಅಪಾಯ ಅನ್ನೋದು ಹೇಳಿ ಬರ್ತೈತೇನ್ರಿ? ನಡೀರಿ ನಡೀರಿ" ಅಂದರು.

ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ರಸ್ತೆಯ ಮೇಲೆ ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು. ಜೀಪಿನ ಮೇಲೆ ಹರಗೋಲು, ಒಳಗೆ ಬೆವರಿನಲ್ಲಿ ತೊಯ್ದು ತೊಪ್ಪೆಯಾದ ಒಂದು ಸಂಸಾರ, ಎಲ್ಲರ ಮೈಮೇಲೂ ಕಿತ್ತಳೆ ಬಣ್ಣದ ಜಾಕೆಟ್. ಪೊಲೀಸಿನವರ ಮುಖ ಬಿಳುಚಿತು. ಕಾಗದಪತ್ರ ಕೇಳುವುದನ್ನೇ ಮರೆತು, ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು: "ಯಾವ ಊರಾಗ ನೆರಿ ಬಂದೈತ್ರಿ? ನಮಗ ಮೆಸೇಜೇ ಬಂದಿಲ್ಲಲ್ಲ!"

ನಾನು ಬಾಯಿ ತೆಗೆಯುವ ಮೊದಲೇ ಹಿಂದಿನ ಸೀಟಿನಿಂದ ಆ ಅಜ್ಜಿ ಹೇಳಿದರು: "ಎಲ್ಲಿ ನೆರಿ ತಮ್ಮಾ? ನಮ್ಮ ಓಣ್ಯಾಗ ನಲ್ಲಿ ನೀರೇ ಬಂದಿಲ್ಲ!"

ಹಿಡಿಯಬಾರದ ಮೀನು

ಗಾಂಧಿನಗರದ ಒಬ್ಬರು ರಾಯರು ಅಂಗಡಿಗೆ ಬಂದು, ಆಚೆ ಈಚೆ ನೋಡಿ, ದನಿ ತಗ್ಗಿಸಿ ಮಾತಾಡಿದರು. ಯಾವುದೋ ಕಚೇರಿಯಲ್ಲಿ ಗುಮಾಸ್ತರು. ಹಣೆಯ ಮೇಲೆ ಗೋಪಿಚಂದನ, ಅಂಗಾರ, ಅಕ್ಷತೆ. ಇವರು ಗಾಳದ ಅಂಗಡಿಗೆ ದಾರಿ ತಪ್ಪಿ ಬಂದಿದ್ದಾರೆ ಅಂದುಕೊಂಡೆ.

"ಡಾಕ್ಟರು ನನಗ ಬಿಪಿ ಏರ್‍ಯದ ಅಂದಾರ. ವಾರಕ್ಕೊಮ್ಮೆ ನೀರಿನ ಹತ್ರ ಸುಮ್ಮನ ಕೂಡ್ರಿ ಅಂದಾರ. ಸುಮ್ಮನ ಕೂತ್ರ ಆಫೀಸಿಂದೇ ನೆನಪಾಗ್ತದ. ಕೈಯಾಗ ಏನರ ಬೇಕು. ಅದಕ್ಕ ಗಾಳ ಹಾಕ್ಲಿಕ್ಕೆ ಬರ್ತೀನಿ. ಆದ್ರ ಒಂದು ಮಾತು. ಮೀನು ಮಾತ್ರ ಸಿಗಬಾರದು ನೋಡ್ರಿ."

"ಸಿಗಬಾರದು ಅಂದ್ರ?"

"ನಮ್ಮ ಮನಿಯೊಳಗ ಬೆಳ್ಳುಳ್ಳಿ ಅಂದ್ರೂ ಕಿವಿ ಮುಚ್ಚಿಕೋತಾರ. ತಿಳ್ಕೊಳ್ರಿ."

ತಿಳಿದುಕೊಂಡೆ. ಅವರಿಗಾಗಿಯೇ ಒಂದು ಗಾಳದ ಮೊನೆಯನ್ನು ಉಜ್ಜಿ ಮೊಂಡು ಮಾಡಿ, ಎರೆಹುಳುವಿನ ಬದಲು ಗೋಧಿಹಿಟ್ಟಿನ ಉಂಡೆ ಸಿಕ್ಕಿಸಿಕೊಟ್ಟೆ. ಕುರುಗೋಡಿನ ಕೆರೆಯಲ್ಲಿ ಪ್ರತಿ ಭಾನುವಾರ ಅವರು ಗಾಳ ಬಿಟ್ಟುಕೊಂಡು ಕೂರುವರು. ಬೆಂಡು ಮುಳುಗುವುದು, ಏಳುವುದು. ಮೀನು ಹಿಟ್ಟು ತಿಂದು ಹೋಗುವುದು. ರಾಯರಿಗೆ ಪಂಕ್ತಿಯಲ್ಲಿ ಬಡಿಸಿದಷ್ಟು ಸಂತೋಷ. "ಇನ್ನೊಂದು ಉಂಡಿ ಕೊಡ್ರಿ, ಪಾಪ, ಇನ್ನೊಬ್ಬ ಬಂದಾನ" ಅನ್ನುವರು. ಅಂಬಿಗ ಮಾವನಿಗೆ ಮಾತ್ರ ಇದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಅವನ ವಂಶದಲ್ಲಿ ಯಾರೂ ಮೀನಿಗೆ ಊಟ ಹಾಕಿ ಕಳಿಸಿದವರಲ್ಲ.

ಒಂದು ದಿನ ಎಲ್ಲಾ ಶಾಂತವಾಗಿತ್ತು. ಇದ್ದಕ್ಕಿದ್ದ ಹಾಗೆ, ಗಾಳಕ್ಕೂ ಅದಕ್ಕೂ ಸಂಬಂಧವೇ ಇಲ್ಲದೆ, ತೊಡೆಯ ದಪ್ಪದ ಒಂದು ಮೀನು ನೀರಿನಿಂದ ಚಂಗನೆ ಹಾರಿ ನೇರ ರಾಯರ ಮಡಿಲಿಗೆ ಬಿತ್ತು!

"ನಾ ಏನೂ ಮಾಡಿಲ್ಲ! ನಾ ಏನೂ ಮಾಡಿಲ್ಲ!" ಅಂತ ರಾಯರು ಗುಡ್ಡಕ್ಕೆ ಕೇಳುವ ಹಾಗೆ ಕೂಗಿದರು. ಮಾವ ಹುಟ್ಟು ಬಿಟ್ಟು ಎರಡೂ ಕೈ ಚಾಚಿದ. ರಾಯರು ಮೀನನ್ನು ಎದೆಗೆ ಅಪ್ಪಿಕೊಂಡರು. "ಮುಟ್ಟಬ್ಯಾಡ! ತಾನಾಗಿ ಬಂದದ ಅದು, ತಾನಾಗಿ ಹೋಗ್ತದ!" ಮೀನು ಒದ್ದಾಡಿತು, ರಾಯರೂ ಒದ್ದಾಡಿದರು, ಹರಗೋಲು ಗಿರಗಿರ ತಿರುಗಿತು. ನನ್ನ ಕಣ್ಣು ರಾಯರ ಬಿಪಿಯ ಮೇಲೆ. ಅಂತೂ ಮೀನು ಜಾರಿ ನೀರಿಗೆ ಬಿತ್ತು. ರಾಯರು ಉಸ್ಸೆಂದು ಕೂತರು. ನಾನೂ ಉಸ್ಸೆಂದೆ.

ಆದರೆ ಅಂಗಿಯ ತುಂಬ ಲೋಳೆ, ವಾಸನೆ. ಕೆರೆಯಲ್ಲಿ ತೊಳೆದೆವು, ಹೋಗಲಿಲ್ಲ. ಪೌಡರ್ ಹಾಕಿದೆವು, ಹೋಗಲಿಲ್ಲ. ಕೊನೆಗೆ ಜೀಪಿನಲ್ಲಿ ಒಂದು ಕಟ್ಟು ಊದಿನಕಡ್ಡಿ ಹಚ್ಚಿ, ರಾಯರನ್ನು ಹೊಗೆಯ ಮಧ್ಯೆ ಕೂರಿಸಿಕೊಂಡು ಬಂದು, ಅವರ ಮನೆಯ ತಿರುವಿನಲ್ಲಿ ಇಳಿಸಿದೆ.

ಸಂಜೆ ಫೋನು ಬಂತು. ಹೆಣ್ಣುಮಗಳ ದನಿ. "ನಾ ರಾಯರ ಮನಿಯವರು ಮಾತಾಡೋದು."

"ನೀವು ನಮ್ಮನಿಯವರನ್ನ ಎಲ್ಲಿಗೆ ಕರ್ಕೊಂಡ್ಹೋಗ್ತೀರಿ ಅಂತ ನನಗ ಮೊದಲನೇ ವಾರದಿಂದನ ಗೊತ್ತದ. ಹೆದರಬ್ಯಾಡ್ರಿ. ಅವರು ಮನಿಯೊಳಗ ಸಿಟ್ಟು ಮಾಡೋದು ಬಿಟ್ಟಾರ. ಕರ್ಕೊಂಡು ಹೋಗ್ರಿ. ಆದ್ರ ಆ ಊದಿನಕಡ್ಡಿ ಮಾತ್ರ ಹಚ್ಚಬ್ಯಾಡ್ರಿ."

"ಅಲ್ರಿ ಅಮ್ಮಾ, ವಾಸನಿ..."

"ಮೀನಿನ ವಾಸನಿ ಬಂದ್ರ ನಮ್ಮತ್ತಿಯವರಿಗೆ ಗೊತ್ತಾಗಂಗಿಲ್ರಿ, ಅವರು ಜನ್ಮದಾಗ ಮೂಸಿಲ್ಲ. ಊದಿನಕಡ್ಡಿ ವಾಸನಿ ಬಂತಂದ್ರ, ಯಾವ ಗುಡಿಗೆ ಹೋಗಿದ್ದೆ, ಪ್ರಸಾದ ಎಲ್ಲಿ ಅಂತ ಕೂತು ಬಿಟ್ಟಾರ!"

ಫೋಟೋದ ಮೀನು

ಈಗ ಮದುವೆಗೆ ಮೊದಲೇ ಫೋಟೋ ತೆಗೆಸುವ ಕಾಲ. ಬಳ್ಳಾರಿಯ ಹುಡುಗ, ಸಿರುಗುಪ್ಪದ ಹುಡುಗಿ. ಅವರ ಫೋಟೋಗ್ರಾಫರ್ ಕುರುಗೋಡಿನ ಕೆರೆಯನ್ನು ನೋಡಿ ಒಂದು ಯೋಜನೆ ಹಾಕಿದ್ದ. ಹುಡುಗ ಗಾಳ ಎತ್ತಬೇಕು, ಗಾಳದಲ್ಲಿ ದೊಡ್ಡ ಮೀನು ನೇತಾಡಬೇಕು, ಹುಡುಗಿ ಅದನ್ನು ನೋಡಿ ನಾಚಬೇಕು.

ಮೀನು ಸಿಗಲಿಲ್ಲ. ಬಿಸಿಲು ಏರಿತು. ಫೋಟೋಗ್ರಾಫರ್ ತನ್ನ ಜೊತೆಯವನನ್ನು ಬೈಕಿನಲ್ಲಿ ಪೇಟೆಗೆ ಓಡಿಸಿದ. ಅವನು ತಂದ ಮೀನು ನೋಡಿ ಅಂಬಿಗ ಮಾವ ಹಣೆ ಬಡಿದುಕೊಂಡ. ಸಮುದ್ರದ ಪಾಂಫ್ರೆಟ್, ಅದೂ ಹೊಟ್ಟೆ ಸೀಳಿ, ಮಸಾಲೆ ತುಂಬಲು ತಯಾರು ಮಾಡಿದ್ದು!

"ಕುರುಗೋಡು ಕೆರ್‍ಯಾಗ ಈ ಮೀನು ಸಿಕ್ತು ಅಂದ್ರ ಜನ ನನ್ನ ಮಕದ ಮ್ಯಾಲೆ ಉಗುಳ್ತಾರ" ಅಂದ ಮಾವ.

"ಫೋಟೋದಾಗ ಯಾರಿಗೆ ಗೊತ್ತಾಗತೈತಿ ಬಿಡ್ರಿ" ಅಂದ ಫೋಟೋಗ್ರಾಫರ್.

ಈ ವಾದ ನಡೆಯುತ್ತಿರುವಾಗ ಹುಡುಗಿ ಸುಮ್ಮನೆ ಹರಗೋಲಿನ ಒಂದು ಅಂಚಿಗೆ ಕೂತು, ಅಲ್ಲೇ ಬಿದ್ದಿದ್ದ ಮಾವನ ಹಳೆಯ ಗಾಳವನ್ನು ನೀರಿಗೆ ಬಿಟ್ಟಿದ್ದಾಳೆ. ನಮಗೆ ಗೊತ್ತೇ ಇಲ್ಲ. ಗೊತ್ತಾದದ್ದು ದಾರ ಗುಂಯ್ ಅಂದಾಗ. ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಳೆಗಳನ್ನು ಮೊಣಕೈಗೆ ಏರಿಸಿ, "ಹರಗೋಲು ತಿರಗಸ್ರಿ ಕಾಕಾ, ಎಡಕ್ಕ!" ಅಂತ ಮಾವನಿಗೇ ಹುಕುಂ ಕೊಟ್ಟಳು. ಮಾವ ಮರುಮಾತಿಲ್ಲದೆ ತಿರುಗಿಸಿದ. ಮೀಸೆ ಬಿಟ್ಟುಕೊಂಡ ದೊಡ್ಡ ಬಾಳೆಮೀನು ಬಂತು. ಕಿವಿರಿಗೆ ಬೆರಳು ಹಾಕಿ ಎತ್ತಿ ಹಿಡಿದಳು. ಹೊಳೆ ದಂಡೆಯಲ್ಲಿ ಬೆಳೆದ ಹುಡುಗಿ ಅಂತ ಆಗ ಗೊತ್ತಾಯಿತು. ಗಂಡಾಗುವವನು ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಸರಿದು, ಕೈಗೆ ಸಿಕ್ಕ ಕೊಡೆಯನ್ನು ಅವಳ ತಲೆಯ ಮೇಲೆ ಹಿಡಿದು, ಕಣ್ಣು ಮುಚ್ಚಿಕೊಂಡಿದ್ದ.

ಆ ದಿನ ಚೆನ್ನಾಗಿ ಬಂದ ಫೋಟೋ ಅದೊಂದೇ. ಗಂಡಿನ ತಾಯಿಗೆ ಅದೇ ಹೋಯಿತು. ಮಾರನೆಯ ದಿನ ಆಕೆ ಅಂಗಡಿಗೇ ಬಂದರು. ಮದುವೆ ಮುರಿದರೆ ನನ್ನ ತಲೆಗೆ ಬರುತ್ತದಲ್ಲ ಅಂತ ನಾನು ಬೆವೆತೆ. ಫೋಟೋವನ್ನು ನನ್ನ ಮುಂದೆ ಹಿಡಿದರು.

"ಹುಡುಗಿ ಮೀನು ಹಿಡಿದಾಳ, ಕಂಡ್ತು. ನನ್ನ ಮಗ ಹಿಂದ ಏನು ಹಿಡಿದಾನ?"

"ಕೊಡಿ ಹಿಡಿದಾರ್ರಿ ಅಮ್ಮಾ."

ಆಕೆ ಇನ್ನೊಮ್ಮೆ ನೋಡಿದರು. ಮುಖ ಸಡಿಲವಾಯಿತು. "ಹಂಗಾದ್ರ ಪರವಾಗಿಲ್ಲ ಬಿಡು. ಇವರಪ್ಪಾನೂ ಮನ್ಯಾಗ ನನಗ ಅದನ್ನ ಹಿಡಿಯೋದು."

ಹೊಳೆಯ ಮೊಸಳೆ

ಒಂದು ಆಫೀಸಿನ ನಾಲ್ಕಾರು ಜನ ತಮ್ಮ ಸಾಹೇಬರನ್ನು ಖುಷಿಪಡಿಸಲು ಸಿರುಗುಪ್ಪದ ಹೊಳೆಗೆ ಕರೆತಂದಿದ್ದರು. ಸಾಹೇಬರು ದಾರಿಯುದ್ದಕ್ಕೂ ತಮ್ಮ ಧೈರ್ಯದ ಕಥೆ ಹೇಳಿದರು. ಚಿರತೆ ಎದುರಿಗೆ ಬಂದಾಗ ಏನು ಮಾಡಿದರು, ಹಾವು ಬೂಟಿನಲ್ಲಿದ್ದಾಗ ಏನು ಮಾಡಿದರು. ಕೈಕೆಳಗಿನವರು ಪ್ರತಿ ಕಥೆಗೂ "ಅಬ್ಬಾ ಸರ್" ಅಂದರು.

ಹರಗೋಲು ಹತ್ತುವಾಗ ಅಂಬಿಗ ಮಾವ ತನ್ನ ಪದ್ಧತಿಯಂತೆ ಹೇಳಿದ: "ಹೊಳ್ಯಾಗ ಮೊಸಳಿ ಅದಾವ್ರಿ. ಆದ್ರ ಅವು ಆ ಕಡಿ ಮಡುವಿನಾಗ ಇರ್ತಾವು. ಈ ಕಡಿ ಬರಂಗಿಲ್ಲ. ಕೈ ಮಾತ್ರ ನೀರಾಗ ಇಡಬ್ಯಾಡ್ರಿ."

"ಬಂದ್ರ ಬರ್ಲಿ. ಮೊಸಳಿ ಕಣ್ಣಾಗ ಕಣ್ಣಿಟ್ಟು ನೋಡಿದ್ರ ಅದು ಹಿಂದಕ್ಕ ಹೋಗ್ತೈತಿ. ನಾ ನೋಡ್ತೀನಿ" ಅಂದರು ಸಾಹೇಬರು.

ಗಾಳ ಹಾಕಿ ಕೂತೆವು. ಸ್ವಲ್ಪ ಹೊತ್ತಿಗೆ ಜೊಂಡಿನ ಪಕ್ಕ ನೀರು ಅಲುಗಿತು. ಎರಡು ಮೂಗಿನ ಹೊಳ್ಳೆ. ಅದರ ಹಿಂದೆ ಕಪ್ಪಗೆ, ಒರಟಾಗಿ, ಉದ್ದಕ್ಕೆ ಬೆನ್ನು. ನಮ್ಮ ಕಡೆಗೇ ಬರುತ್ತಿದೆ.

"ಮೊಸಳೀ!" ಅಂತ ಯಾರು ಕೂಗಿದರೋ ಗೊತ್ತಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಸಾಹೇಬರು ತಮ್ಮ ಜಾಗದಲ್ಲಿ ಇರಲಿಲ್ಲ. ಅಂಬಿಗ ಮಾವನ ಹೆಗಲ ಮೇಲೆ ಇದ್ದರು. ಎರಡು ಕಾಲು ಅವನ ಕೊರಳ ಆಚೆ ಈಚೆ, ಎರಡು ಕೈ ಅವನ ಕಣ್ಣಿನ ಮೇಲೆ. ಹರಗೋಲು ಒಂದು ಕಡೆ ವಾಲಿ ನೀರು ಒಳಗೆ ನುಗ್ಗಿತು. ಉಳಿದವರೆಲ್ಲ ಒಂದೇ ಸಲ ಚೀರಿದರು. ಮಾವ ಕಣ್ಣು ಕಾಣದೆ ಹುಟ್ಟನ್ನು ಗಾಳಿಯಲ್ಲಿ ಬೀಸುತ್ತಿದ್ದಾನೆ. ನಾನು ಡಬ್ಬಿ ಹಿಡಿದು ನೀರು ಹೊರಗೆ ಚೆಲ್ಲುತ್ತಾ, ಇವತ್ತು ತಲೆ ಎಣಿಸಿದರೆ ಲೆಕ್ಕ ತಪ್ಪುತ್ತದೆ ಅಂದುಕೊಂಡೆ.

ಅಷ್ಟರಲ್ಲಿ ಮೊಸಳೆ ಎದ್ದು ನಿಂತಿತು. ಅದಕ್ಕೆ ಕೊಂಬಿದ್ದವು. ನೀರು ಅದರ ಹೊಟ್ಟೆಯವರೆಗೂ ಇರಲಿಲ್ಲ. ನಮ್ಮನ್ನು ನೋಡಿ "ಞೋಂಯ್" ಅಂದಿತು.

ದಂಡೆಯ ಮೇಲೆ ಒಬ್ಬ ಮುದುಕಿ ಕೋಲು ಎತ್ತಿಕೊಂಡು ಓಡಿಬಂದಳು. "ಯಾಕ್ರಪ್ಪೋ ಹಂಗ ಚೀರತೀರಿ! ಈಗಷ್ಟೇ ಈದ ಎಮ್ಮಿ ಅದು! ಹೆದರಿ ಹಾಲು ಏರಿಸ್ಕೊಂಡ್ರ ಸಂಜಿಗಿ ನಿಮ್ಮನ್ನ ಹಿಂಡ್ಲೇನು?"

ದೊಡ್ಡ ಟೀಚರ್

ಕಂಟೋನ್ಮೆಂಟಿನಲ್ಲಿ ಒಬ್ಬ ನಿವೃತ್ತ ಹೆಡ್‌ಮೇಡಂ ಇದ್ದಾರೆ. ತಮ್ಮ ಹಾಗೆಯೇ ನಿವೃತ್ತರಾದ ಇಬ್ಬರು ಗೆಳತಿಯರೊಂದಿಗೆ ಸಿರುಗುಪ್ಪದ ಹೊಳೆಗೆ ಹೊರಟರು. ಜೀಪಿನಲ್ಲಿ ನಾನು ಹಾಡು ಹಾಕಿದ್ದೆ. "ಶಬ್ದ" ಅಂದರು, ಅಷ್ಟೇ. ನನ್ನ ಕೈ ತಾನಾಗಿ ಹೋಗಿ ಬಂದ್ ಮಾಡಿತು.

ದಂಡೆಯಲ್ಲಿ ಅಂಬಿಗ ಮಾವ ನಗುತ್ತಾ ಬಂದವನು, ಅವರನ್ನು ಕಂಡದ್ದೇ ಹರಗೋಲಿನ ಹಿಂದೆ ಬಗ್ಗಿ ಏನೋ ಹುಡುಕಲು ಶುರುಮಾಡಿದ. ಮೀಸೆ ನರೆತ ಮನುಷ್ಯ, ಮೊಮ್ಮಕ್ಕಳನ್ನು ಎತ್ತಿದವನು. ತಲೆಗೆ ಟವೆಲ್ ಹೊದ್ದು, ಮುಖ ಆ ಕಡೆ ತಿರುಗಿಸಿಕೊಂಡೇ ಹುಟ್ಟು ಹಾಕಿದ. ಹೊಳೆಯ ನಡುವೆ ಬಂದಾಗ ಮೇಡಂ ಕನ್ನಡಕ ಸರಿಮಾಡಿಕೊಂಡರು.

"ಟವೆಲ್ ತೆಗಿ."

ಮಾವ ತೆಗೆದ.

"ನಾನು ಸಿರುಗುಪ್ಪದ ಸಾಲ್ಯಾಗಿದ್ದಾಗ ಐದನೇತ್ತಕ್ಕ ಒಬ್ಬ ಹುಡುಗ ಕಿಟಕಿ ಹಾರಿ ಹೋದ. ನೀರು ಕುಡದು ಬರ್ತೀನ್ರಿ ಅಂದಿದ್ದ. ಇನ್ನೂ ಬಂದಿಲ್ಲ. ನೀನ ಅಲ್ಲೇನು?"

ಮಾವ ಹರಗೋಲಿನಲ್ಲೇ ಎದ್ದು ನಿಂತು ಕೈಕಟ್ಟಿದ. "ಹೌದ್ರಿ ಟೀಚರ್." ಹರಗೋಲು ಓಲಾಡಿತು. "ಕುಂದ್ರು!" ಅಂದರು. ಕೂತ. "ಅವತ್ತು ಯಾವ ಪ್ರಶ್ನೆ ಕೇಳಿದ್ದೆ?" "ಹದಿಮೂರರ ಮಗ್ಗಿರಿ." "ಹೇಳು."

ಬೇರೆ ದಾರಿ ಇರಲಿಲ್ಲ. ಸುತ್ತ ನೀರು, ಹಾರಲು ಕಿಟಕಿಯೂ ಇಲ್ಲ. "ಹದಿಮೂರೊಂದ್ಲೆ ಹದಿಮೂರು" ಅಂತ ಒಂದು ಹುಟ್ಟು ಹಾಕಿದ. "ಹದಿಮೂರೆರಡ್ಲೆ ಇಪ್ಪತ್ತಾರು" ಅಂತ ಇನ್ನೊಂದು. ಮಗ್ಗಿ ಮುಂದೆ ಹೋದ ಹಾಗೆ ಹರಗೋಲೂ ಮುಂದೆ ಹೋಯಿತು. "ಹದಿಮೂರೇಳ್ಲೆ..." ಅಂದವನು ನಿಂತುಬಿಟ್ಟ. ಹುಟ್ಟೂ ನಿಂತಿತು.

ಅದೇ ಹೊತ್ತಿಗೆ ಗಾಳಿ ಎದ್ದಿತು. ಹರಗೋಲು ಸೆಳೆತಕ್ಕೆ ಸಿಕ್ಕು ಬಂಡೆಗಳ ಕಡೆ ಜಾರತೊಡಗಿತು. "ಮಾವ, ಹುಟ್ಟು!" ಅಂದೆ. ಅವನ ಕೈ ಏಳಲಿಲ್ಲ. ಕಣ್ಣು ಆಕಾಶದಲ್ಲಿ, ತುಟಿ ಅಲುಗುತ್ತಿದೆ. ನಾನು ಮೆಲ್ಲಗೆ ಹೇಳಿಕೊಡಲು ಹೋದೆ. "ಯಾರೂ ಹೇಳಿಕೊಡಬಾರದು!" ಅಂದರು ಮೇಡಂ. ಬಂಡೆ ಹತ್ತಿರ ಬಂತು. ಅದರ ಮೇಲೆ ಕೂತ ಕೊಕ್ಕರೆಯ ಕಣ್ಣು ಕಾಣಿಸುವಷ್ಟು ಹತ್ತಿರ. ಕೊನೆಗೆ ಗೆಳತಿಯರಲ್ಲಿ ಒಬ್ಬರು ಕೆಮ್ಮಿದ ಹಾಗೆ ಮಾಡಿ, ಕೆಮ್ಮಿನೊಳಗೆ "ತೊಂಬತ್ತೊಂದು" ಅಂದರು.

"ತೊಂಬತ್ತೊಂದು!" ಅಂತ ಮಾವ ಕಿರುಚಿ ಹುಟ್ಟು ಹಾಕಿದ ರಭಸಕ್ಕೆ ಹರಗೋಲು ಬಂಡೆಯನ್ನು ಸವರಿಕೊಂಡು ಪಾರಾಯಿತು. ಉಳಿದ ಮೂರನ್ನು ಒಂದೇ ಉಸಿರಿಗೆ ಮುಗಿಸಿ ದಂಡೆ ಮುಟ್ಟಿಸಿದ. ಅಷ್ಟು ಬೇಗ ಅವನು ಯಾವತ್ತೂ ದಂಡೆ ಮುಟ್ಟಿಸಿದವನಲ್ಲ.

ಇಳಿದ ಮೇಲೆ ಮೇಡಂ ಹೇಳಿದರು: "ಕಿಟಕಿ ಹಾರಿದ್ದನ್ನ ನಾನು ಆವತ್ತೇ ನಿಮ್ಮಪ್ಪಗ ಹೇಳಬೇಕಿತ್ತು. ಮುಂದಿನ ವಾರ ಬರ್ತೀನಿ. ನಿಮ್ಮಪ್ಪನ್ನ ಕರ್ಕೊಂಡು ಬಾ."

ಮಾವ ಎರಡೂ ಕೈ ಮುಗಿದ. "ಅಪ್ಪ ಎಲ್ಲ್ಯದಾನ್ರಿ ಟೀಚರ್, ತೀರಿಕೊಂಡಾನ್ರಿ."

"ಅಯ್ಯೋ ಪಾಪ" ಅಂದರು ಮೇಡಂ. ಕಣ್ಣು ಒದ್ದೆಯಾಯಿತು. ಅವನ ತಲೆ ಸವರಿ, ಚೀಲದಿಂದ ಎರಡು ಚಕ್ಕುಲಿ ತೆಗೆದುಕೊಟ್ಟು ಜೀಪು ಹತ್ತಿದರು.

ನಾನು ಮಾವನನ್ನು ಪಕ್ಕಕ್ಕೆ ಕರೆದೆ. "ನಿಮ್ಮಪ್ಪ ಗುಂಡುಕಲ್ಲಿನಂಗ ಅದಾನಲ್ಲೋ! ಬೆಳಿಗ್ಗಿನ ಕಟ್ಟಿ ಮ್ಯಾಲೆ ಕುಂತು ನನಗ ಬೀಡಿ ಕೇಳಿದ್ನಲ್ಲ!"

"ಮೆಲ್ಲಗ ಮಾತಾಡಪಾ" ಅಂದ ಮಾವ ಚಕ್ಕುಲಿ ಕಡಿಯುತ್ತಾ. "ಐದನೇತ್ತ ಪಾಸಾಗೀನಿ ಅಂತ ಅವಂಗ ಹೇಳೀನಿ!"

ಎದ್ದು ಹೋಗಲಾಗದ ಬೀಗರು

ನಮ್ಮ ಓಣಿಯಲ್ಲಿ ಒಬ್ಬರು ಮರಗೆಲಸದ ಭಾಯಿ ಇದ್ದಾರೆ. ಮಂಚ, ಕಪಾಟು ಮಾಡುವುದರಲ್ಲಿ ಎತ್ತಿದ ಕೈ. ಅವರ ಮಗಳಿಗೆ ಸಿರುಗುಪ್ಪದ ಅಕ್ಕಿ ವ್ಯಾಪಾರಿಯ ಮಗನೊಂದಿಗೆ ಸಂಬಂಧ ಕುದುರಿತ್ತು. ಹುಡುಗ ಹುಡುಗಿ ಒಪ್ಪಿದ್ದರು, ಹೆಂಗಸರು ಒಪ್ಪಿದ್ದರು. ತಂದೆಯರಿಬ್ಬರೂ ಒಂದೇ ಮಾತಿಗೆ ಜಗ್ಗಾಡುತ್ತಿದ್ದರು: ನಿಕಾಹ್ ಎಲ್ಲಿ? ಬಳ್ಳಾರಿಯಲ್ಲಿ ಅಂತ ಇವರು, ಸಿರುಗುಪ್ಪದಲ್ಲಿ ಅಂತ ಅವರು. ಮಾತುಕತೆಗೆ ಕೂತಾಗಲೆಲ್ಲ ಇಬ್ಬರಲ್ಲಿ ಒಬ್ಬರು ಟವೆಲ್ ಕೊಡವಿ ಎದ್ದು ಹೋಗುತ್ತಿದ್ದರು. ಕೊನೆಯ ಸಲವಂತೂ ಇಬ್ಬರೂ ಒಟ್ಟಿಗೆ ಎದ್ದು, ಒಂದೇ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡರಂತೆ. ಆಮೇಲೆ ಮಾತೇ ನಿಂತಿತು. ಹುಡುಗಿ ಊಟ ಬಿಟ್ಟಳು.

ಹುಡುಗಿಯ ದಾದಿ, ಅಂದರೆ ಭಾಯಿಯ ತಾಯಿ, ಕೋಲೂರಿಕೊಂಡು ನನ್ನ ಅಂಗಡಿಗೆ ಬಂದರು.

"ಬೇಟಾ, ನಿನ್ನ ಹರಗೋಲಿನಾಗ ಕುಂತ ಮನುಷ್ಯಾಗ ಸಿಟ್ಟು ಬಂತಂತ ಇಟ್ಕೋ. ಎದ್ದು ಎಲ್ಲಿಗೆ ಹೋಗ್ತಾನ?"

"ಎಲ್ಲಿಗೆ ಹೋಗಾಕ ಬರ್ತೈತ್ರಿ ದಾದಿ? ಸುತ್ತ ನೀರಲ್ರಿ?"

"ಬಸ್. ನನಗ ಅಷ್ಟ ಬೇಕಾಗಿತ್ತು."

ಹೀಗೆ ಒಂದು ಭಾನುವಾರ ಇಬ್ಬರಿಗೂ ಬೇರೆ ಬೇರೆ ಹೇಳಿ ಕುರುಗೋಡಿನ ಕೆರೆಗೆ ಕರೆಸಿದೆ. ಒಬ್ಬರನ್ನೊಬ್ಬರು ನೋಡಿದ್ದೇ ಮುಖ ಗಂಟಾಯಿತು. ಆದರೆ ದಂಡೆಯ ಮೇಲೆ ದಾದಿ ಕೂತಿದ್ದರು. ಅವರ ಎದುರಿಗೆ ಹತ್ತಲ್ಲ ಅನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹತ್ತಿದರು. ಬೆನ್ನಿಗೆ ಬೆನ್ನು ಮಾಡಿ, ಒಬ್ಬರು ಗುಡ್ಡದ ಕಡೆ, ಒಬ್ಬರು ಊರ ಕಡೆ ಮುಖ ಮಾಡಿ ಗಾಳ ಬಿಟ್ಟರು. ನಾನು ಹವೆಯ ಬಗ್ಗೆ ಒಂದು ಮಾತು ತೆಗೆದೆ, ಅದೂ ಅಲ್ಲೇ ಮುಳುಗಿತು. ಹರಗೋಲು ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು. ಇದು ಆಗುವ ಕೆಲಸವಲ್ಲ ಅಂತ ನನಗೆ ಅನ್ನಿಸಿತು. ಹುಡುಗಿಯ ಮುಖ ಕಣ್ಣ ಮುಂದೆ ಬಂತು.

ಆಗ ಮರಗೆಲಸದ ಭಾಯಿ, "ಬಂತು!" ಅಂತ ಕೂಗಿದರು. ಅವರ ಗಾಳದ ಕೋಲು ಬಾಗಿತ್ತು. ಅವರು ಎಳೆದರು. ಎಳೆದದ್ದೇ ತಡ ಅಕ್ಕಿ ವ್ಯಾಪಾರಿಯ ಕೋಲೂ ಬಾಗಿತು. "ನನಗೂ ಬಂತು! ದೊಡ್ಡದು!" ಅಂತ ಅವರೂ ಎಳೆದರು.

"ಅವರಿಗೆ ಹೇಳ್ರಿ, ಹರಗೋಲು ಅಲ್ಲಾಡಸಬ್ಯಾಡ ಅಂತ. ನನ್ನ ಮೀನು ತಪ್ಪತೈತಿ" ಅಂದರು ಭಾಯಿ ನನಗೆ. ಅವರ ಬೆನ್ನು ಇವರ ಬೆನ್ನಿಗೆ ತಾಗಿತ್ತು. ಆದರೂ ನಾನು ಹೇಳಿದೆ. "ಅವರಿಗೆ ಹೇಳ್ರಿ, ನನ್ನ ಮೀನು ಅವರದಕ್ಕಿಂತ ದೊಡ್ಡದೈತಿ ಅಂತ" ಅಂದರು ವ್ಯಾಪಾರಿ. ಅದನ್ನೂ ಹೇಳಿದೆ.

ಅಂಬಿಗ ಮಾವ ಬಗ್ಗಿ ನೀರು ನೋಡಿದ. ಮತ್ತೆ ನನ್ನನ್ನು ನೋಡಿ, ತುಟಿಯ ಮೇಲೆ ಬೆರಳಿಟ್ಟ. ನಾನೂ ಬಗ್ಗಿ ನೋಡಿದೆ. ಹರಗೋಲು ತಿರುಗಿ ತಿರುಗಿ ಎರಡೂ ದಾರ ಅಡಿಯಲ್ಲಿ ಹೆಣೆದುಕೊಂಡು, ಒಬ್ಬರ ಗಾಳ ಇನ್ನೊಬ್ಬರ ಗಾಳವನ್ನು ಕಚ್ಚಿ ಹಿಡಿದಿತ್ತು. ಇವರು ಎಳೆದರೆ ಅವರಿಗೆ ಮೀನು ಜಗ್ಗಿದ ಹಾಗೆ, ಅವರು ಎಳೆದರೆ ಇವರಿಗೆ.

ನಾನು ಬಾಯಿ ಮುಚ್ಚಿಕೊಂಡೆ. ಇಬ್ಬರೂ ಬೆವರು ಸುರಿಸಿ ಎಳೆದರು. ಇವರು ದಣಿದು ದಾರ ಬಿಟ್ಟರೆ ಅವರು, "ಬರಾಕತ್ತೈತಿ!" ಅಂತ ಕುಣಿದರು. ಮೆಲ್ಲಗೆ ನನ್ನ ಮಧ್ಯಸ್ಥಿಕೆಯೇ ಬೇಡವಾಯಿತು.

"ಒಮ್ಮಿಗೇ ಎಳೀಬ್ಯಾಡ್ರಿ, ದಾರ ಹರೀತೈತಿ. ಸ್ವಲ್ಪ ಬಿಟ್ಟು ಎಳೀರಿ" ಅಂದರು ಭಾಯಿ.

"ನಿಮ್ಮದೂ ಜೋರ್ ಐತಲ್ರಿ ಬೀಗರ! ನೀವೂ ಹುಷಾರು!" ಅಂದರು ವ್ಯಾಪಾರಿ.

ಬೀಗರ ಅಂದರು! ದಂಡೆಯಲ್ಲಿದ್ದ ದಾದಿಗೆ ನಾನು ಆಗಲೇ ಫೋನು ಹಚ್ಚಿ ಸ್ಪೀಕರ್ ಹಾಕಿದ್ದೆ.

"ಇದನ್ನ ಹಿಡಿದ್ರ ವಲೀಮಾದ ಊಟಕ್ಕ ಆಗತೈತಿ ನೋಡ್ರಿ" ಅಂದರು ವ್ಯಾಪಾರಿ.

"ನನ್ನದೂ ಅದಕ್ಕ ಹಾಕ್ರಿ! ನಿಮ್ಮದು ಬ್ಯಾರೆ, ನಮ್ಮದು ಬ್ಯಾರೆ ಏನು?"

ಇದೇ ಹೊತ್ತು ಅನ್ನಿಸಿತು. "ಹಂಗಾದ್ರ ನಿಕಾಹ್ ಎಲ್ಲಿ ಮಾಡ್ತೀರಿ?" ಅಂದೆ.

"ಎಲ್ಲ್ಯಾದ್ರೂ ಮಾಡ್ರಪ್ಪ, ನನ್ನ ಕೈ ಬಿದ್ದು ಹೋಗಾಕತ್ತೈತಿ! ಸಿರುಗುಪ್ಪಾನ ಆಗ್ಲಿ!" ಅಂತ ಭಾಯಿ ಕೂಗಿದರು.

"ಛೇ ಛೇ, ಹೆಣ್ಣಿನ ಮನಿ ನಿಮ್ಮದು! ಬಳ್ಳಾರಿನ ಆಗ್ಲಿ!" ಅಂತ ವ್ಯಾಪಾರಿ ಕೂಗಿದರು.

"ಸಿರುಗುಪ್ಪ ಅಂದ್ರ ಸಿರುಗುಪ್ಪ!"

"ಬಳ್ಳಾರಿ ಅಂದ್ರ ಬಳ್ಳಾರಿ!"

ಮತ್ತೆ ಜಗಳ ಹತ್ತಿತಲ್ಲ ದೇವರೇ ಅಂತ ನಾನು ತಲೆ ಹಿಡಿದುಕೊಂಡೆ. ಫೋನಿನಿಂದ ದಾದಿಯ ದನಿ ಗುಡುಗಿತು: "ಚುಪ್! ಎರಡೂ ಊರು ಬ್ಯಾಡ. ಕುರುಗೋಡಿನಾಗ ಮಾಡೋಣ. ಅರ್ಧ ದಾರಿ ನಾವು ಬರ್ತೀವಿ, ಅರ್ಧ ದಾರಿ ಅವರು ಬರ್ಲಿ!"

"ಆತ್ರಿ" ಅಂದರು ಇಬ್ಬರೂ ಒಂದೇ ದನಿಯಲ್ಲಿ. ಅಂದು, ಕೊನೆಯ ಸಲ ಜೀವ ಬಿಟ್ಟು ಎಳೆದರು.

ಹರಗೋಲಿನ ಅಂಚಿನಲ್ಲಿ, ಎಳೆಯುತ್ತಾ ಒಂದೇ ಕಡೆ ತಿರುಗಿದ್ದ ಇಬ್ಬರ ಕಣ್ಣೆದುರಿಗೆ, ಒಂದು ಹಿಡಿ ಪಾಚಿ ಮೇಲೆ ಬಂತು. ಪಾಚಿಯಲ್ಲಿ ಎರಡು ಗಾಳ, ಒಂದರ ಬಾಯಿ ಇನ್ನೊಂದರ ಬಾಯೊಳಗೆ.

ಕೂಡಿದ್ದೆಲ್ಲ ಮುರಿದು ಬೀಳುತ್ತದೆ ಅಂದುಕೊಂಡೆ. ಅಕ್ಕಿ ವ್ಯಾಪಾರಿ ದಾರದ ಒಂದು ತುದಿ ನೋಡಿದರು. ಇನ್ನೊಂದು ತುದಿ ನೋಡಿದರು.

"ಬೀಗರ, ಇಷ್ಟು ಹೊತ್ತು ನಾನು ನಿಮ್ಮನ್ನ ಎಳಿಯಾಕತ್ತಿದ್ನೇನು?"

"ನಾನೂ ನಿಮ್ಮನ್ನ ಬಿಟ್ಟಿಲ್ಲ ನೋಡ್ರಿ" ಅಂದರು ಭಾಯಿ.

ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಹರಗೋಲು ಹುಚ್ಚೆದ್ದು ಕುಣಿಯಿತು. "ದಂಡಿಗೆ ಹೋಗಿ ನಗ್ರೋ ಯಪ್ಪಾ, ಮುಳುಗತೀವಿ!" ಅಂತ ಮಾವ ಬೇಡಿಕೊಂಡ. ನನಗೆ ನಗುವುದೋ ಅಳುವುದೋ ತಿಳಿಯದೆ ಕಣ್ಣಲ್ಲಿ ನೀರು ಬಂತು.

ದಂಡೆಯಲ್ಲಿ ದಾದಿ ಒಲೆ ಹೂಡಿ, ಮಸಾಲೆ ಅರೆದು, ಎಣ್ಣೆ ಕಾಯಲು ಇಟ್ಟು ಕಾಯುತ್ತಿದ್ದರು. ಫೋನಿನಲ್ಲಿ ಅವರು ಕೇಳಿದ್ದು ದೊಡ್ಡ ದೊಡ್ಡ ಮೀನಿನ ಮಾತು.

"ಎಲ್ಲಿ, ಏನು ಹಿಡಿದ್ರಿ ತೋರಸ್ರಿ" ಅಂದರು.

ಭಾಯಿ ವ್ಯಾಪಾರಿಯನ್ನು ತೋರಿಸಿದರು. ವ್ಯಾಪಾರಿ ಭಾಯಿಯನ್ನು ತೋರಿಸಿದರು.

ದಾದಿ ಮಾವನಿಂದ ಸಂಗತಿಯನ್ನೆಲ್ಲ ಕೇಳಿದರು. ಕೇಳಿ, ಕೋಲೂರಿ ಎದ್ದು ಬಂದು, ಹೊಟ್ಟೆ ಬೆಳೆಸಿಕೊಂಡ ಆ ಇಬ್ಬರು ಗಂಡಸರನ್ನೂ ಕಾಲಿನಿಂದ ತಲೆಯವರೆಗೆ ನೋಡಿದರು. ಕಾಯುತ್ತಿದ್ದ ಎಣ್ಣೆಯನ್ನೂ ನೋಡಿದರು.

"ಮೀನೇನೋ ಕೊಬ್ಬಿದಾವ" ಅಂದರು, ಬಾಣಲೆಯನ್ನು ಒಲೆಯಿಂದ ಇಳಿಸುತ್ತಾ. "ಆದ್ರ ಮೈ ತುಂಬ ಬರೇ ಮುಳ್ಳು!"